ನಂದಾಳ ಕ್ಯಾನಿನ ನೀರು

ದೇವಿಕೊಪ್ಪದ ಬಸ್ಸಿನಲ್ಲಿ ಶಿಕ್ಷಕಿ ಮೈತ್ರೇಯಿಗೆ ಬೇಡವೆಂದರೂ ಮುಂದಿನ ಸೀಟಿನ ಮಾತು ಕಿವಿಗೆ ಬಿತ್ತು. ಇಬ್ಬರೂ ಅವಳ ಶಾಲೆಯ ಊರಿನವರೇ. ರೇವವ್ವನ ತೊಡೆಯ ಮೇಲೆ ಪೂಜೆಯ ಬುಟ್ಟಿ, ನೆರೆಮನೆಯ ನಂದಾಳ ಕಾಲ ಬಳಿ ಶುದ್ಧ ನೀರಿನ ಕ್ಯಾನು.

“ನಾಳೆ ಬಾಣಂತಿ ಮಗಳ ಕಡಿಂದ ನಮ್ಮ ಬಾವಿಗೆ ಗಂಗಿ ಪೂಜಿ ಮಾಡಸ್ತೀವಿ. ನೀನೂ ಬಾ.”

“ಬರ್ತೀನ್ರಿ ರೇವಕ್ಕ. ಆದರ ಕೂಸಿನ ಪುಡಿಹಾಲಿಗೆ ಆ ನೀರು ಹಾಕಬ್ಯಾಡ್ರಿ.”

“ಯಾಕಬೇ? ಚಲೋತ್ನಾಗಿ ಕುದಿಸೇ ಹಾಕ್ತೀವಿ.”

“ಕುದಿಸಿದ್ರ ಆ ವಿಷ ಹೋಗೂದಿಲ್ರಿ, ಇನ್ನಷ್ಟು ಗಟ್ಟಿ ಆಗತೈತಿ.”

“ಯಾವ ವಿಷ?”

ನಂದಾ ಕಿಟಕಿಯ ಕಡೆ ತಿರುಗಿದಳು. “ನಮ್ಮ ಎಮ್ಮಿ ಶೆಡ್ಡಿನ ಸಗಣಿ ಹೊಂಡದ್ದು. ಅದು ಇಂಗಿ ನಿಮ್ಮ ಬಾವಿಗೂ ನಮ್ಮ ಬೋರಿಗೂ ಇಳದೈತಿ. ನೀರು ಪರೀಕ್ಷೆ ಮಾಡಿಸಿದ್ವಿ, ನೈಟ್ರೇಟ್ ಭಾಳ ಐತಂತ. ಅದರಿಂದ ಸಣ್ಣ ಕೂಸಿನ ಮೈ ನೀಲಿ ಆಗತೈತಂತ.”

“ಯಾವಾಗ?”

“ಯುಗಾದಿ ಮುಂದ.”

“ಕೂಸು ಹುಟ್ಟೂಕಿಂತ ಮೊದಲ! ಅವತ್ತಿಂದ ನೀವು ಕ್ಯಾನ್ ನೀರು ಕುಡ್ಕೋಂತ ಸುಮ್ಮನ ಕುಂತೀರಿ?”

“ಮನಿಯವರು ಹೇಳಬ್ಯಾಡ ಅಂದ್ರು.”

“ಮೊನ್ನೆ ಕೂಸಿನ ತುಟಿ ನೀಲಿ ಆದಾಗ ಯಾರದೋ ಕಣ್ಣು ಬಿತ್ತಂತ ನಾ ದೃಷ್ಟಿ ತಗದೆ. ನೀ ಬಾಜೂಕ ಕುಂತು ನೋಡಿದಿ.”



ಊರು ಬಂತು. ರೇವವ್ವ ಬುಟ್ಟಿಯನ್ನು ಸೀಟಿನ ಮೇಲೇ ಬಿಟ್ಟು, ನಂದಾಳ ಕ್ಯಾನನ್ನು ಟೊಂಕಕ್ಕೇರಿಸಿಕೊಂಡಳು.

“ಡ್ರೈವರಣ್ಣ, ಸ್ವಲ್ಪ ನಿಂದರಪಾ. ಕೂಸಿನ್ನ ಇದೇ ಬಸ್ಸಿಗೆ ದವಾಖಾನಿಗೆ ಒಯ್ಯೂದೈತಿ.”

ಪೂಜೆಯ ಬುಟ್ಟಿ ಎತ್ತಿಕೊಂಡು ನಂದಾ ಹಿಂದೆಯೇ ಇಳಿದಳು. ಕ್ಯಾನನ್ನು ವಾಪಸ್ ಕೇಳಲಿಲ್ಲ.