ಮೇಕೆಯ ಮೂರು ಬೇಡಿಕೆ

...ಅಲ್ಲ ಸೆಲ್ಲಪ್ಪಣ್ಣ, ಮೊದಲು ಆ ಎಲೆಅಡಿಕೆ ಉಗಿದು ಬನ್ನಿ, ಆಮೇಲೆ ನ್ಯಾಯ ಹೇಳಿ! ಉಗಿಯುವುದಿಲ್ಲವೇ? ಸರಿ, ಅಗಿಯುತ್ತಲೇ ಕೇಳಿ. ನಾನು ಕೇಳುವುದು ನನಗಾಗಿ ಅಲ್ಲ. ಕತ್ತಿ ಹಿಡಿದ ಎಲ್ಲರ ಪರವಾಗಿ!

ಭಾನುವಾರದ ಆಟ ನಡೆಸುವವರು ನೀವು. ನಿಮ್ಮ ಅಳಿಯ ಮದ್ರಾಸಿನಿಂದ ತಂದ ಇಂಗ್ಲಿಷ್ ಪುಸ್ತಕ ನೋಡಿ ಕಾಡು, ಕೋಟೆ, ರಾಕ್ಷಸ ಅಂತ ಕಥೆ ಕಟ್ಟುವವರೂ ನೀವೇ. ನಾವು ಆಳಿಗೊಂದು ವೇಷ ಹಿಡಿದು, 'ನಾನು ಹೀಗೆ ಮಾಡುತ್ತೇನೆ' ಎಂದು ಬಾಯಲ್ಲಿ ಹೇಳುತ್ತೇವೆ. ಗೆದ್ದೆವೋ ಸೋತೆವೋ, ದಾಳ ಉರುಳಿಸಿ ನೋಡುತ್ತೇವೆ. ನನ್ನ ಜೊತೆ ಮಿಲ್ಲಿನಲ್ಲಿ ದುಡಿಯುವ ವೆಲ್ಲಿಂಗಿರಿಗೆ ಕತ್ತಿ, ನನಗೆ ಕತ್ತಿ. ನನ್ನ ಹೆಂಡತಿ ರುಕ್ಮಣಿಗೆ ಮಾತ್ರ ಮಂತ್ರ! ನಾವು ಬೆವರು ಸುರಿಸಿ ಒಬ್ಬನನ್ನು ಕಡಿಯುವಷ್ಟರಲ್ಲಿ, ಅವಳು 'ಸುಟ್ಟು ಹೋಗಲಿ' ಎಂದರೆ ಹತ್ತು ಜನ ಬೂದಿ. ಇದು ಯಾವ ನ್ಯಾಯ?

ಹೋದ ವಾರ ಏನಾಯಿತು? ಕೋಟೆ ಬಾಗಿಲಲ್ಲಿ ರಾಕ್ಷಸ. ನಾನು ಕತ್ತಿ ಎತ್ತಲಿಲ್ಲ. ಅವನೂ ಕೂಲಿಯವನೇ ತಾನೆ? ಎಂಟು ಗಂಟೆ ಕೆಲಸ, ವಾರಕ್ಕೊಂದು ರಜ, ಸಂಘ... ಬಿಡಿಸಿ ಹೇಳುತ್ತಿದ್ದೆ. ಏನು, ಒಂದು ಗಂಟೆಯಾ? ಅರ್ಧ ಗಂಟೆ ಅಣ್ಣ! ರಾಕ್ಷಸ ಇನ್ನೇನು ಒಪ್ಪುತ್ತಿದ್ದ. ಇವಳು ಆಕಳಿಸಿ ನನ್ನನ್ನೇ ಮೇಕೆ ಮಾಡಿಬಿಟ್ಟಳು!

ಏಕೆ ನಗುತ್ತೀರಿ? ನಗಬೇಡಿ, ಅಂಗಿಯ ಮೇಲೆ ಬೀಳುತ್ತೆ.

ಸೋಮವಾರ ಮಿಲ್ ಗೇಟಿನಲ್ಲಿ ಸಭೆ, ಕುಡಿಯುವ ನೀರಿನ ಕೊಳಾಯಿಗಾಗಿ. 'ತೋಳರ್‌ಗಳೇ, ಸಂಗಾತಿಗಳೇ' ಎಂದೆ. ಹಿಂದಿನಿಂದ ಒಬ್ಬ 'ಮ್ಯಾ...' ಎಂದ. ಇಡೀ ಶಿಫ್ಟು ನಕ್ಕಿತು! ಮ್ಯಾನೇಜರೂ ನಕ್ಕ. ವೆಲ್ಲಿಂಗಿರಿಯ ಬಾಯಿ ಗೊತ್ತಲ್ಲ, ಮೇಕೆಯ ಕಥೆ ಮಿಲ್ಲಿಗೆಲ್ಲ ಸಾರಿದ್ದಾನೆ... ನಾಳೆ ಮತ್ತೆ ಸಭೆ. ಇವತ್ತು ನಾನು ಮನುಷ್ಯನಾಗದಿದ್ದರೆ ಕೊಳಾಯಿ ಹೋಯಿತು, ನನ್ನ ಮಾತಿನ ಬೆಲೆಯೂ ಹೋಯಿತು.

ಸುಮ್ಮನೆ ಕೂಗುತ್ತಿಲ್ಲ, ನೋಡಿಕೊಂಡು ಬಂದೇ ಹೇಳುತ್ತಿದ್ದೇನೆ. ನಿನ್ನೆ ಬಸ್ ಹತ್ತಿ ಆರ್.ಎಸ್. ಪುರಂನ ವಿಡಿಯೋ ಗೇಮ್ ಅಂಗಡಿಗೆ ಹೋದೆ. ಆ ಪೆಟ್ಟಿಗೆಯೊಳಗೂ ಒಬ್ಬ ಮಾಂತ್ರಿಕ. ಬೆಂಕಿ ಉಗುಳಿದಷ್ಟೂ ಕೆಳಗೆ ಒಂದು ನೀಲಿ ಗೆರೆ ಕರಗುತ್ತದೆ. ಗೆರೆ ಮುಗಿಯಿತೋ, ಬೆಂಕಿಯೂ ಮುಗಿಯಿತು! ಕೂಲಿಯವನಿಗೂ ಅದೇ ಗೆರೆ, ಮಾಲೀಕನಿಗೂ ಅದೇ ಗೆರೆ. ಪೆಟ್ಟಿಗೆಯನ್ನು ಬಡಿದು ಜಗಳವಾಡಿದೆ, ಜಪ್ಪಯ್ಯ ಅನ್ನಲಿಲ್ಲ. ಪೆಟ್ಟಿಗೆಗೆ ದಾಕ್ಷಿಣ್ಯವಿಲ್ಲ ಅಣ್ಣ. ನಿಮಗಿದೆ. ಅವಳು ಕಾಫಿ ಲೋಟ ಮುಂದಿಟ್ಟರೆ ಯಾವ ಮಂತ್ರಕ್ಕೂ 'ಆಗಲಿ' ಅನ್ನುತ್ತೀರಿ.

ಹಾಗಾದರೆ ಅಲ್ಲೇ ಆಡು ಅನ್ನುತ್ತೀರಾ? ಹೇಗೆ ಆಡಲಿ? ಅಲ್ಲಿ ರಾಕ್ಷಸನ ಜೊತೆ ಮಾತಾಡಲು ಗುಂಡಿಯೇ ಇಲ್ಲ!

ಬರೆದುಕೊಳ್ಳಿ. ಒಂದು: ದಿನಕ್ಕೆ ಮೂರೇ ಮಂತ್ರ. ಎರಡು: ಮಂತ್ರ ಹಾಕಿದವರು ಮುಂದಿನ ಸರದಿ ಬಿಡಬೇಕು. ಮೂರು: ಕಟ್ಟಿಕೊಂಡ ಗಂಡನ ಮೇಲೆ ಮಂತ್ರ ಕೂಡದು... ಅದು ಎಲ್ಲಾ ಗಂಡಂದಿರ ಪರವಾಗಿ.

ನೋಟ್‌ಬುಕ್ ಏಕೆ? ನಿಯಮ ನೋಡಬೇಕೇ? ಧಾರಾಳವಾಗಿ ನೋಡಿ... ಮೊದಲ ಪುಟ ಬೇಡ ಅಣ್ಣ, ಅದು ಹಳೆಯದು. ಬೇಡ ಅಂದೆನಲ್ಲ! ಹಾಗೆ ಬೆರಳಿಟ್ಟುಕೊಂಡು ನನ್ನ ಮುಖ ನೋಡಬೇಡಿ.

ಹೌದು, ನನ್ನ ಕೈಬರಹವೇ. 'ಮಂತ್ರಕ್ಕೆ ಮಿತಿ ಹಾಕುವುದು ದಬ್ಬಾಳಿಕೆ. ಯಾರ ಮೇಲೆ ಬೇಕಾದರೂ, ಎಷ್ಟು ಸಲ ಬೇಕಾದರೂ. ಇಂತು, ರಾಮಲಿಂಗಂ.' ಆಗ ಮಾಂತ್ರಿಕ ನಾನೇ ಆಗುತ್ತೇನೆ ಅಂತ... ದಾಳದಲ್ಲಿ ಮೊದಲು ಯಾರಿಗೆ ದಾಯ, ಅಂದರೆ ಒಂದು, ಬೀಳುತ್ತದೋ ಅವರಿಗೇ ಮಂತ್ರ ಅಂದಿರಿ. ಬೆಳಗಿನಿಂದ ಮಧ್ಯಾಹ್ನದವರೆಗೆ ಉರುಳಿಸಿದೆ, ಬೀಳಲಿಲ್ಲ! ಇವಳು ರುಬ್ಬುವುದನ್ನು ಬಿಟ್ಟು ಎದ್ದು ಬಂದು, ಹಿಟ್ಟಿನ ಕೈಯಲ್ಲೇ ಒಂದು ಸಲ ಉರುಳಿಸಿದಳು. ದಾಯ!

ಅಯ್ಯೋ, ಬಳೆ ಸದ್ದು... ಬರುತ್ತಿದ್ದಾಳೆ. ಮೂರು ಬೇಡಿಕೆಯನ್ನೂ ಹೊಡೆದುಹಾಕಿ ಅಣ್ಣ, ಬೇಗ. ಒಂದೇ ಒಂದು ಹೇಳಿಬಿಡಿ: ಆ ಮೇಕೆಗೆ ಕೊಂಬಾದರೂ ಇದೆಯೋ, ಇಲ್ಲವೋ?