ಚಟ್ನಿಪುಡಿ ಪೊಟ್ಟಣದ ಯೂರೋ

ಸಾಲದ ಬಿಕ್ಕಟ್ಟಿಗೆ ಸಿಕ್ಕಿ ಗ್ರೀಸ್‌ನಲ್ಲಿ ಬ್ಯಾಂಕುಗಳು ಬಾಗಿಲು ಹಾಕಿಕೊಂಡಿದ್ದ ೨೦೧೫ರ ಜುಲೈ ಅದು. ಅಮೆರಿಕದ ಮಿಲ್ ಕ್ರೀಕ್ ಊರಿನ ಬಸ್ ಸ್ಟಾಪಿನ ಸಾಲಿನಲ್ಲಿ ಮುಂದೆ ನಿಂತಿದ್ದ ಹಿರಿಯ ದಂಪತಿಯ ಕನ್ನಡ ಕೇಳಿ, ಹಿಂದಿದ್ದ ಕನ್ನಡದ ಹುಡುಗಿ ಸಿರಿಯ ಕಿವಿ ನೆಟ್ಟಗಾಯಿತು.

"ಅಥೆನ್ಸ್‌ಗೆ ಹೊರಡೋವಾಗ ಏನಂದ್ರಿ? ಈ ಕಾಲದಲ್ಲಿ ನೋಟು ಯಾರು ಹೊರ್ತಾರೆ, ಕಾರ್ಡ್ ಸಾಕು ಅಂದ್ರಿ."

"ಬ್ಯಾಂಕೇ ಮುಚ್ಚುತ್ತೆ ಅಂತ ನಂಗೇನು ಕನಸು ಬಿದ್ದಿತ್ತಾ, ಕಮಲಾಕ್ಷಿ?"

"ಎಟಿಎಂ ಮುಂದೆ ಊರಿಗೆ ಊರೇ ನಿಂತಿತ್ತು. ನಾಳೆ ಯೂರೋನೇ ಇರುತ್ತೋ ಇಲ್ವೋ ಅಂತ ಒಬ್ಬ ಅಜ್ಜ ಅಳ್ತಿದ್ದ."

"ಹೌದು, ಪಾಪ."

"ಹೋಟೆಲ್‌ನೋಳು ನಿಮ್ಮ ಮೂರು ಕಾರ್ಡೂ ವಾಪಸ್ ತಳ್ಳಿದ್ಲು. ಆಗ ಯಾವುದು ಕೈ ಹಿಡೀತು?"

"ನಿನ್ನ ಚಟ್ನಿಪುಡಿ ಪೊಟ್ಟಣ."

"ಅದರೊಳಗೆ ನಾನು ಬಚ್ಚಿಟ್ಟಿದ್ದ ಯೂರೋ ಅನ್ನಿ."

"ನೋಟೆಲ್ಲ ಬೆಳ್ಳುಳ್ಳಿ ವಾಸನೆ ಹೊಡೀತಿತ್ತು ಕಣೇ!"

"ಹೊಡೀಲಿ. ಅವಳು ಮೂಸಿ ನೋಡಿ, ಎರಡೂ ಕೈ ಚಾಚಿ ಇಸ್ಕೊಂಡ್ಲು."

ಎವರೆಟ್ ಊರಿಗೆ ಹೋಗುವ ಬಸ್ ಬಂತು. ಕಮಲಾಕ್ಷಿ ಮೊದಲು ಹತ್ತಿ, ಪರ್ಸಿನಿಂದ ನೋಟು ತೆಗೆದು ಡ್ರೈವರ್ ಪಕ್ಕದ ಡಬ್ಬಿಗೆ ತಮ್ಮ ಟಿಕೆಟ್ಟಿನ ಹಣ ಹಾಕಿದರು. ಗಂಡ ಬಾಗಿಲಲ್ಲೇ ನಿಂತು ಒಂದೊಂದೇ ಜೇಬು ತಡಕಿದರು.

"ಬಸ್ ಕಾರ್ಡ್ ಮನೇಲೇ ಬಿಟ್ಟೆ ಕಣೇ. ಕ್ಯಾಶ್ ಇದ್ಯಾ?"

ಕಮಲಾಕ್ಷಿ ನಿಧಾನವಾಗಿ ತಿರುಗಿದರು.

"ಎರಡೂ ಕೈ ಚಾಚಿ, ಕೊಡ್ತೀನಿ."

ಇಡೀ ಬಸ್ಸು ನೋಡುತ್ತಿದ್ದಂತೆ ಗಂಡ ಎರಡೂ ಕೈ ಚಾಚಿದರು.