ಟ್ಯಾಂಕಿಗೆ ಹಾಕಿದ ತೀರ್ಥ

ಹಿಂದಿನ ಸಾಲಿನವರು ಸ್ವಲ್ಪ ಏಳಿ. ಶಾಸ್ತ್ರ ಮುಗಿಯಿತು, ಈಗ ಕಥೆ. ಶಾಸ್ತ್ರ ಹೇಳುವಾಗ ನಿಮಗೆ ತೂಕಡಿಕೆ ಬರುವುದು ನನಗೆ ಕಾಣುತ್ತದೆ, ಬೇಸರವಿಲ್ಲ. ಹೇಳುವ ನನಗೇ ಎಷ್ಟೋ ಸಲ ಆಕಳಿಕೆ ಬರುತ್ತದೆ. ಮುಂದೆ ಮೈಕಿದೆಯಲ್ಲ ಎಂದು ತಡೆದುಕೊಳ್ಳುತ್ತೇನೆ.

ಹತ್ತಿ ಬಿಡಿಸುವ ಜಿನ್ನಿನ ಒಂದು ಊರು, ಅಲ್ಲೊಬ್ಬ ಸಾವುಕಾರ. ಹೆಸರು ಕೇಳಬೇಡಿ. ಹೆಸರು ಹೇಳಿದರೆ ಅದೇ ಹೆಸರಿನವರು ನಾಳೆ ಮಠದ ಬಾಗಿಲಿಗೆ ಜಗಳಕ್ಕೆ ಬರುತ್ತಾರೆ, ನಾನು ಪೂಜೆಯಲ್ಲಿದ್ದೇನೆ ಎಂದು ಹೇಳಿಸಬೇಕಾಗುತ್ತದೆ. ಈ ಸಾವುಕಾರನಿಗೆ ಹೊಲ ಇತ್ತು, ಜಿನ್ನು ಇತ್ತು, ಒಬ್ಬಳೇ ಮಗಳು ಇದ್ದಳು, ನೀಲಾ ಅಂತ. ಇನ್ನೊಂದು ಡೀಸೆಲ್ ಕಾರು. ಪ್ರೀತಿ ಮಗಳ ಮೇಲೆ, ಹೆಮ್ಮೆ ಕಾರಿನ ಮೇಲೆ. ಬಾಯಿಯ ಮೇಲೆ ಮಾತ್ರ ಹಿಡಿತವೇ ಇರಲಿಲ್ಲ.

ನೋಡಿ, ಡೀಸೆಲ್ ಎಂಜಿನ್ನಿನಲ್ಲಿ ನಾಝಲ್ ಅಂತ ಇರುತ್ತದೆ. ಇಂಜೆಕ್ಟರ್ ಅಂತಲೂ ಅನ್ನುತ್ತಾರೆ. ಅದರ ತುದಿಯಲ್ಲಿ ಕೂದಲೆಳೆಯಂಥ ತೂತುಗಳು. ಡೀಸೆಲನ್ನು ಮಂಜಿನ ಹಾಗೆ ಚಿಮ್ಮಿಸಬೇಕು, ತಟ್ಟನೆ ಮುಚ್ಚಿಕೊಳ್ಳಬೇಕು. ಎಷ್ಟು ಬೇಕೋ ಅಷ್ಟೇ, ಯಾವಾಗ ಬೇಕೋ ಆಗಲೇ. ಸವೆದ ನಾಝಲ್ ಏನು ಮಾಡುತ್ತದೆ? ಮುಚ್ಚಿಕೊಳ್ಳುವುದಿಲ್ಲ. ಒಸರುತ್ತಲೇ ಇರುತ್ತದೆ. ಗಾಡಿ ಎಳೆಯುವುದಿಲ್ಲ, ಹಿಂದೆ ಬರೀ ಕಪ್ಪು ಹೊಗೆ. ಕಮಿಟಿಯವರು ಯಾಕೆ ನಗುತ್ತಿದ್ದೀರಿ? ನನಗೆ ಅರ್ಧ ಗಂಟೆ ಎಂದು ಹೇಳಿದ್ದಿರಿ, ಅದು ಯಾವಾಗಲೋ ಮುಗಿದಿದೆ, ನನಗೂ ಗೊತ್ತಿದೆ.

ಸಾವುಕಾರನ ಕಾರು ಒಂದು ದಿನ ಕಪ್ಪು ಹೊಗೆ ಬಿಡಲು ಶುರು ಮಾಡಿತು. ಗ್ಯಾರೇಜಿಗೆ ಹೋಗಿ, ನಾಝಲ್ ಎಷ್ಟು ವರ್ಷ ಬಾಳಿಕೆ ಬರುತ್ತದೆ ಎಂದು ಕೇಳಿದ. ವರ್ಷದ ಲೆಕ್ಕ ಅಲ್ಲ, ಒಂದೂವರೆ ಲಕ್ಷ ಕಿಲೋಮೀಟರ್ ಬರಬಹುದು, ಆದರೆ ಡೀಸೆಲ್ ಚೊಕ್ಕ ಇರಬೇಕು, ಫಿಲ್ಟರ್ ಹೊತ್ತಿಗೆ ಸರಿಯಾಗಿ ಬದಲಿಸಬೇಕು, ನೀರು ಸೇರಿದರೆ ಯಾವ ಲೆಕ್ಕವೂ ಇಲ್ಲ ಎಂದರು. ಸಾವುಕಾರ ಕೇಳಿಸಿಕೊಂಡದ್ದು ಒಂದೂವರೆ ಲಕ್ಷ ಅನ್ನುವಷ್ಟನ್ನೇ. ನನ್ನ ಗಾಡಿ ಇನ್ನೂ ಲಕ್ಷ ಮುಟ್ಟಿಲ್ಲ, ಅಂದಮೇಲೆ ಇದು ಸವಕಳಿಯಲ್ಲ, ಯಾರದೋ ಕಣ್ಣು ತಾಗಿದೆ ಎಂದು ತೀರ್ಮಾನ ಮಾಡಿಬಿಟ್ಟ. ಕಣ್ಣು ತಾಗಿದರೆ ಯಾರ ಹತ್ತಿರ ಹೋಗಬೇಕು? ಸ್ವಾಮಿಗಳ ಹತ್ತಿರ.

ಆ ಸ್ವಾಮಿ ನಾನಲ್ಲ, ಹಾಗೆ ನೋಡಬೇಡಿ. ನಾನಾಗಿದ್ದರೂ ಅದನ್ನೇ ಹೇಳುತ್ತಿದ್ದೆ, ಆ ಮಾತು ಬೇರೆ. ಸ್ವಾಮಿಗೆ ಕಾರಿನ ಬಗ್ಗೆ ಗೊತ್ತಿದ್ದದ್ದು ಹಿಂದಿನ ಸೀಟಿನಲ್ಲಿ ಕೂರುವುದು ಒಂದೇ. ಹಾಗಂತ ನನಗೆ ಗೊತ್ತಿಲ್ಲಪ್ಪ ಎಂದು ಹೇಳಲಿಲ್ಲ. ಕಾವಿ ಉಟ್ಟ ನಮ್ಮ ಜನಕ್ಕೆ ಆ ಮಾತು ಬಾಯಿಗೆ ಬರುವುದೇ ಇಲ್ಲ. ಕಣ್ಣು ಮುಚ್ಚಿದ, ತೆರೆದ, ಗಂಭೀರವಾಗಿ ನುಡಿದ:

"ಮೂಲಕ್ಕ ತೀರ್ಥ ಮುಟ್ಟಸ್ರಿ."

ಅಷ್ಟೇ. ಯಾವ ಮೂಲ, ಏನು ಮೂಲ ಎಂದು ಸ್ವಾಮಿಗೂ ಗೊತ್ತಿರಲಿಲ್ಲ. ಸಾವುಕಾರ ಮನೆಗೆ ಬಂದು ಡ್ರೈವರ್ ದಾವಲಸಾಬನನ್ನು ಕರೆದು, ಗಾಡಿಗೆ ಮೂಲ ಯಾವುದು ಎಂದು ಕೇಳಿದ. ದಾವಲಸಾಬ ಬಾನೆಟ್ ನೋಡಿದ, ಚಕ್ರ ನೋಡಿದ, ಬಹಳ ವಿಚಾರ ಮಾಡಿ, ಡೀಸೆಲ್ ಎಲ್ಲಿಂದ ಹೊರಡುತ್ತದೋ ಅದೇ ಮೂಲ ಎಂದ. ಸಾವುಕಾರನಿಗೂ ಸರಿ ಅನ್ನಿಸಿತು. ಅವತ್ತಿನಿಂದ ಸೋಮವಾರ ಬಂತೆಂದರೆ ಒಂದು ತಂಬಿಗೆ ತೀರ್ಥ ಟ್ಯಾಂಕಿಗೆ. ಸಾವುಕಾರ ಕೈಮುಗಿದು ನಿಲ್ಲುತ್ತಿದ್ದ, ದಾವಲಸಾಬ ಭಕ್ತಿಯಿಂದ ಸುರಿಯುತ್ತಿದ್ದ. ಫಿಲ್ಟರ್ ಮಾತ್ರ ಹಳೆಯದೇ ಇತ್ತು.

ಇನ್ನು ಮಗಳ ವಿಷಯ. ಮದುವೆಯಾದ ಮೇಲೆ ಬೀಗರ ಮನೆಯಲ್ಲಿ ಊಟ ಇಟ್ಟುಕೊಂಡಿದ್ದರು. ಬೀಗತಿ ತಾನೇ ಕಾಸಿದ ತುಪ್ಪವನ್ನು ಸಣ್ಣ ಮೂತಿಯ ಮಿಳ್ಳೆಯಿಂದ ತಾನೇ ಬಡಿಸುತ್ತಾ ಬಂದಳು. ನೂರು ಜನ ಕೂತ ಪಂಕ್ತಿ. ಸಾವುಕಾರ ಸುಮ್ಮನೆ ಎಲೆ ನೋಡಿಕೊಂಡು ಉಣ್ಣಬಹುದಿತ್ತಲ್ಲವೇ? ಉಣ್ಣಲಿಲ್ಲ. "ನಿಮ್ಮ ತುಪ್ಪದ ಮಿಳ್ಳೆಗಿಂತ ನಮ್ಮ ಗಾಡಿ ನಾಝಲ್ ತೂತ ದೊಡ್ಡದೈತ್ರಿ" ಅಂದ. ಪಂಕ್ತಿಗೆ ಪಂಕ್ತಿಯೇ ನಕ್ಕಿತು. ಬೀಗತಿ ಮಿಳ್ಳೆಯನ್ನು ಅಲ್ಲೇ ಇಟ್ಟು ಒಳಗೆ ಹೋದವಳು ಮತ್ತೆ ಹೊರಗೆ ಬರಲಿಲ್ಲ. ಅವನು ಆಡಿದ್ದು ಒಂದು ಕ್ಷಣ, ಆ ಹೊಗೆಯಲ್ಲಿ ಬದುಕಿದವಳು ನೀಲಾ. ಅತ್ತೆ ಅವಳನ್ನು ಒಂದು ದಿನವೂ ಬೈಯಲಿಲ್ಲ. ಆದರೆ ಸೊಸೆಯ ಎಲೆಗೆ ತುಪ್ಪ ಹಾಕುವ ಹೊತ್ತಿಗೆ ಮನೆ ಗಪ್ಪಾಗುತ್ತಿತ್ತು.

ನೀಲಾ ಚೊಚ್ಚಲ ಬಸುರಿಯಾದಳು. ಬಾಣಂತನಕ್ಕೆ ತವರಿಗೆ ಕರೆತರಬೇಕು. ಬೀಗರು ಹೇಳಿ ಕಳಿಸಿದರು: ಗುರುವಾರ ರಾಹುಕಾಲಕ್ಕೆ ಮುಂಚೆ ಬಂದರೆ ಕಳಿಸುತ್ತೇವೆ, ಹೊತ್ತು ಮೀರಿದರೆ ಬಾಣಂತನ ಇಲ್ಲೇ ಆಗಲಿ. ಮಗಳು ಫೋನಿನಲ್ಲಿ ಕೇಳಿದ್ದು ಇಷ್ಟೇ. "ಅಪ್ಪಾ, ಹೊತ್ತಿಗೆ ಸರಿಯಾಗಿ ಬಾ. ಬಂದು ಏನೂ ಮಾತಾಡಬ್ಯಾಡ."

ಗುರುವಾರ ಕಾರಿಗೆ ಹೂವಿನ ಹಾರ, ಡಿಕ್ಕಿಯಲ್ಲಿ ಹಣ್ಣಿನ ಬುಟ್ಟಿ. ಬೀಗರ ಊರಿಗೆ ಇನ್ನೇನು ಹೋಗಿ ಮುಟ್ಟಬೇಕು, ಜೋಳದ ಹೊಲದ ನಡುವೆ ಗಾಡಿ ಎರಡು ಸಲ ಕೆಮ್ಮಿ ನಿಂತಿತು. ದಾವಲಸಾಬ ಕೀಲಿ ತಿರುವಿದ, ಇಳಿದು ತಳ್ಳಿದ, ದೇವರನ್ನು ನೆನೆದ. ಏನೂ ಆಗಲಿಲ್ಲ. ಸಾವುಕಾರ ಬಂಕಿನವನನ್ನು ಬೈದ, ಗ್ಯಾರೇಜಿನವನನ್ನು ಬೈದ, ದಾವಲಸಾಬನ ವಂಶವನ್ನೆಲ್ಲ ಬೈದ. ಬೈಯುತ್ತ ಬೈಯುತ್ತ ಬಿಸಿಲೇರಿತು. ಮಗಳು ಬಾಗಿಲಲ್ಲಿ ನಿಂತು ದಾರಿ ನೋಡುತ್ತಿರುತ್ತಾಳೆ ಎಂಬುದು ಆಗ ಅವನ ಎದೆಗೆ ಹೊಕ್ಕಿತು. ಬೈಗುಳ ನಿಂತಿತು.

ಅಷ್ಟರಲ್ಲಿ ಎದುರಿನಿಂದ ಒಂದು ಟ್ರ್ಯಾಕ್ಟರ್. ಅದರ ಮೇಲೆ ಕೂತವನು ಯಾರು? ಸಾಕ್ಷಾತ್ ಬೀಗ. ಹಗ್ಗ ಬಿಚ್ಚಿದ, ಕಾರಿಗೆ ಕಟ್ಟಿದ, ಎಳೆದುಕೊಂಡು ಹೊರಟ. ಹೂವಿನ ಹಾರ ಹಾಕಿಕೊಂಡ ಕಾರು ಹಗ್ಗದ ತುದಿಯಲ್ಲಿ, ಅದರೊಳಗೆ ಸಾವುಕಾರ. ಊರ ಜನ ಕಟ್ಟೆಯ ಮೇಲೆ ಎದ್ದು ನಿಂತು ನೋಡಿದರು.

ಬೀಗರ ಅಂಗಳದಲ್ಲಿ ಆ ಊರಿನ ಮೆಕ್ಯಾನಿಕ್ ಟ್ಯಾಂಕಿನ ಅಡಿಯ ಬೋಲ್ಟ್ ಬಿಚ್ಚಿದ. ಮೊದಲು ಬಂದದ್ದು ನೀರು. ಬೋಗುಣಿ ತುಂಬಿತು, ಇನ್ನೂ ನೀರೇ. ಆಮೇಲೆ ಡೀಸೆಲ್ ಬಂತು, ಅದೂ ನಿಂತಿತು. ಬೆರಳು ಹಾಕಿ ತೆಗೆದರೆ ತೂತಿಗೆ ಅಡ್ಡವಾಗಿ ಒಂದು ಬಿಲ್ವಪತ್ರೆ. ಮೆಕ್ಯಾನಿಕ್ ಅದನ್ನು ಮೇಲೆತ್ತಿ ಎಲ್ಲರಿಗೂ ತೋರಿಸಿದ. ನಾಝಲ್ ಎಲ್ಲವೂ ಹಾಳಾಗಿವೆ ಎಂದ. ಅಂಗಳವೆಲ್ಲ ನಕ್ಕಿತು. ಬೀಗತಿಯೂ ಸೆರಗು ಬಾಯಿಗಿಟ್ಟುಕೊಂಡಳು. ನೀಲಾ ಮಾತ್ರ ನಗಲಿಲ್ಲ, ಅಪ್ಪನ ಬಾಯನ್ನೇ ನೋಡುತ್ತಿದ್ದಳು.

ಸಾವುಕಾರನ ನಾಲಿಗೆಯ ತುದಿಗೆ ಎಲ್ಲವೂ ಬಂದಿತ್ತು. ಸ್ವಾಮಿ ಹೇಳಿದ, ದಾವಲಸಾಬ ಸುರಿದ, ನನ್ನದೇನಿದೆ? ಮಗಳ ಮುಖ ನೋಡಿದ. ಬಂದದ್ದನ್ನೆಲ್ಲ ನುಂಗಿದ. ಬೀಗತಿಯ ಕಡೆ ತಿರುಗಿ ಹೇಳಿದ:

"ತಪ್ಪು ನಂದವ್ವಾ. ಗಾಡೀದೂ ನಂದ, ಅವತ್ತಿನ ತುಪ್ಪದ ಮಾತೂ ನಂದ."

ಆಮೇಲೆ ಬಾಯಿ ಮುಚ್ಚಿದ. ರಾಹುಕಾಲ ಆಗಲೇ ಶುರುವಾಗಿತ್ತು. ಬೀಗತಿ ಒಳಗೆ ಹೋದಳು. ನೀಲಾಳ ಕಣ್ಣಲ್ಲಿ ನೀರು ಬಂತು. ಸ್ವಲ್ಪ ಹೊತ್ತಿಗೆ ಬೀಗತಿ ಮರಳಿದಳು, ಕೈಯಲ್ಲಿ ಅದೇ ಮಿಳ್ಳೆ. "ಉಂಡು ಏಳ್ರಿ. ಅಷ್ಟರಾಗ ರಾಹುಕಾಲ ಕಳೀತೈತಿ. ಮಗಳನ್ನ ನಮ್ಮ ಗಾಡ್ಯಾಗ ಕಳಸ್ತೀವಿ" ಅಂದಳು. ಅವತ್ತು ಸಾವುಕಾರ ತುಪ್ಪ ಸಾಕು ಅನ್ನುವುದಕ್ಕೂ ಬಾಯಿ ತೆರೆಯಲಿಲ್ಲವಂತೆ, ಕೈಯನ್ನಷ್ಟೇ ಅಡ್ಡ ಹಿಡಿದನಂತೆ.

ಈಗ ನಿಮ್ಮ ಸರದಿ. ಸಾವುಕಾರನನ್ನು ನೋಡಿ ನಕ್ಕಿರಲ್ಲ, ನೀವೇನು ಮಾಡುತ್ತಿದ್ದೀರಿ? ಬೆಳಗಿನಿಂದ ಮನೆಯಲ್ಲಿ ಒಸರುತ್ತೀರಿ, ಹೆಂಡತಿಯ ಮೇಲೆ, ಗಂಡನ ಮೇಲೆ, ಅಂಗಡಿಯ ಆಳಿನ ಮೇಲೆ. ಸಂಜೆ ಇಲ್ಲಿಗೆ ಬಂದು ಒಂದು ತಂಬಿಗೆ ಪ್ರವಚನ ಹಾಕಿಸಿಕೊಂಡು, ಎಲ್ಲ ಸರಿಹೋಯಿತು ಎಂದು ಎದ್ದು ಹೋಗುತ್ತೀರಿ. ಸುರಿಯುವವನು ನಾನು. ಆ ಸ್ವಾಮಿಗೂ ನನಗೂ ಇರುವ ಅಂತರ ನನ್ನ ಮೈಕಿನದು ಮಾತ್ರ.

ನಾಲಿಗೆ ಎಷ್ಟು ದಿನ ಬಾಳಿಕೆ ಬರುತ್ತದೆ ಎಂದು ಕೇಳಬೇಡಿ, ಅದಕ್ಕೆ ಏನು ಹಾಕುತ್ತಿದ್ದೀರಿ ನೋಡಿಕೊಳ್ಳಿ. ಮಾತು ಹೊರಗೆ ಬರುವ ಮುಂಚೆ ಒಮ್ಮೆ ಸೋಸಿ. ಇವತ್ತು ಮನೆಗೆ ಹೋಗಿ ಯಾರ ಜೊತೆ ಮಾತು ಬಿಟ್ಟಿದ್ದೀರೋ ಅವರ ಮುಂದೆ ನಿಂತು, ತಪ್ಪು ನನ್ನದು ಅನ್ನಿ. ಅಲ್ಲಿಗೆ ಮುಚ್ಚಿ. ಅದರ ಹಿಂದೆ ಒಂದು 'ಆದರೆ' ಬರುತ್ತದೆ, ಬಂದೇ ಬರುತ್ತದೆ. ಅದನ್ನು ಹೊರಗೆ ಬಿಡಬೇಡಿ. 'ಆದರೆ' ಅಂದಿರೋ, ನಾಝಲ್ ಒಸರಿತು ಅಂತಲೇ ಲೆಕ್ಕ.

ಬಾಗಿಲ ಹತ್ತಿರ ತೀರ್ಥ ಕೊಡುತ್ತಾರೆ, ಕೈಯಲ್ಲಿ ತೆಗೆದುಕೊಂಡು ಅಲ್ಲೇ ಕುಡಿಯಿರಿ. ನಾನು ಹೇಳಬೇಕಾದದ್ದು ಮುಗಿಯಿತು. ಆದರೆ...

ಇಲ್ಲ. ಮುಗಿಯಿತು.